ಶ್ಯಾವಿಗೆ ಅಳೆದ ಸೇರು

ನಾನು ಒಂದು ಸೇರು. ಹಿತ್ತಾಳೆಯ ಮೈ, ನಡುವಿನಲ್ಲಿ ಎರಡು ಗೆರೆ, ಅಗಲವಾದ ಬಾಯಿ. ಈಗಿನವರು ನನ್ನನ್ನು ನೋಡಿ ಪೆನ್ನು ಇಡುವ ಡಬ್ಬಿ ಎಂದುಕೊಳ್ಳುತ್ತಾರೆ. ಹೂವಿನ ಕುಂಡ ಎಂದವರೂ ಉಂಟು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅರವತ್ತು ವರ್ಷ ಒಂದು ಊರಿನ ಹಸಿವನ್ನು ನಾನು ಸರಿಯಾಗಿಯೇ ಅಳೆದೆ, ಅದನ್ನು ಯಾರೂ ನೆನಪಿಡಬೇಕಾಗಿಲ್ಲ. ಆದರೆ ಹತ್ತು ದಿನ ತಪ್ಪು ಅಳೆದೆ. ಅದನ್ನು ಯಾರಿಗಾದರೂ ಹೇಳದೆ ನನಗೆ ಸಮಾಧಾನವಿಲ್ಲ.

ನಾನು ಹುಟ್ಟಿದ್ದು ಕಂಚುಗಾರರ ಓಣಿಯಲ್ಲಿ, ಕಾಳಪ್ಪ ಎಂಬುವನ ಕೈಯಲ್ಲಿ. ನಮ್ಮ ಕುಲದ ಹುಟ್ಟು ಬೇರೆ ಪಾತ್ರೆಗಳಂತಲ್ಲ. ಕೊಡ ಸ್ವಲ್ಪ ಡೊಳ್ಳಾದರೆ ಯಾರೂ ಕೇಳುವುದಿಲ್ಲ, ತಂಬಿಗೆಯ ಕತ್ತು ಒಂದು ಕೂದಲು ಉದ್ದವಾದರೂ ನಡೆಯುತ್ತದೆ. ಸೇರಿಗೆ ಆ ಸಲಿಗೆ ಇಲ್ಲ. ಕಾಳಪ್ಪ ತನ್ನ ಹಳೆಯ ಸೇರಿನ ತುಂಬ ಜೋಳ ತುಂಬಿ, ಅಂಗೈಯಿಂದ ಅದರ ಬಾಯಿ ಸವರಿ, ಆ ಜೋಳವನ್ನು ನನ್ನೊಳಗೆ ಸುರಿದ. ಹನ್ನೆರಡು ಕಾಳು ಹೊರಗುಳಿದವು. ಅವನು ನನ್ನನ್ನು ಮತ್ತೆ ಒಲೆಗೆ ಹಿಡಿದು ಬಡಿದ. ಎರಡನೆಯ ಸಲ ಮೂರು ಕಾಳು ಉಳಿದವು, ಮತ್ತೆ ಬಡಿದ. ಮೂರನೆಯ ಸಲ ಒಂದೂ ಉಳಿಯಲಿಲ್ಲ, ಒಂದೂ ಕಡಿಮೆ ಬೀಳಲಿಲ್ಲ. ಆಗ ಅವನು ನನ್ನ ತಳಕ್ಕೆ ಮುದ್ರೆ ಒತ್ತಿಸಿಕೊಂಡು ಬಂದ. ಅಂದಿನಿಂದ ನನಗೆ ಒಂದು ಸೊಕ್ಕು ಅಂಟಿಕೊಂಡಿತು, ನಾನು ಸುಳ್ಳು ಹೇಳುವುದಿಲ್ಲ ಎಂಬ ಸೊಕ್ಕು.

ಮೊದಲು ನನ್ನನ್ನು ಕೊಂಡವನು ಪೇಟೆಯ ಕಾಳಿನ ವ್ಯಾಪಾರಿ. ಅವನು ಅಳೆಯುವಾಗ ಹೆಬ್ಬೆರಳನ್ನು ನನ್ನ ಬಾಯೊಳಗೆ ಇಳಿಬಿಡುತ್ತಿದ್ದ. ದಪ್ಪ ಹೆಬ್ಬೆರಳು, ಒಂದು ಹಿಡಿ ಕಾಳಿನ ಜಾಗ ಅದಕ್ಕೇ ಹೋಗುತ್ತಿತ್ತು. ಆ ಹೆಬ್ಬೆರಳಿನ ಬೆವರಿನ ವಾಸನೆ ನನಗೆ ಇಂದಿಗೂ ಹೇವರಿಕೆ. ಆದರೆ ಅವನ ಅಂಗಡಿಯಲ್ಲೇ ನಾನು ಒಂದು ಹೊಸ ಮಾತು ಕಲಿತೆ. ಕಿಲೋ ಬಂದ ಕಾಲ ಅದು. ಹಳ್ಳಿಯಿಂದ ಬಂದವರು ಕಿಲೋ ಅಂದರೆ ಎಷ್ಟು ಎಂದು ಕೇಳಿದಾಗಲೆಲ್ಲ ಅವನು ನನ್ನನ್ನು ಎತ್ತಿ ತೋರಿಸುತ್ತಿದ್ದ. "ಇದರ ತುಂಬ ಜ್ವಾಳ ಹಾಕಿದ್ರ ಒಂದ್ ಕಿಲೋ. ತಲಿ ಕೆಡಿಸ್ಕೊಳ್ಳಬ್ಯಾಡ್ರಿ." ಜೋಳಕ್ಕೆ ಅದು ಹೆಚ್ಚೂಕಡಿಮೆ ನಿಜ, ಗೋದಿಗೂ ಅಕ್ಕಿಗೂ ನಿಜ. ಕೇಳಿದವರು ಜೋಳ ಎಂಬ ಮಾತನ್ನು ಅಲ್ಲೇ ಬಿಟ್ಟು ಉಳಿದದ್ದನ್ನು ಮಾತ್ರ ಊರಿಗೆ ಒಯ್ದರು.

ತಕ್ಕಡಿ ಬಂದ ಮೇಲೆ ವ್ಯಾಪಾರಿಗೆ ನಾನು ಬೇಡವಾದೆ. ಕಡ್ಲಿಹಾಳದ ಅಡಿವೆಪ್ಪ ನನ್ನನ್ನು ಬೇಡಿ ತೆಗೆದುಕೊಂಡು ಹೋದ. ಕಡ್ಲಿಹಾಳ ಹೊಳೆಯ ದಂಡೆಯ ಊರು. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ರಾಶಿ ಅಳೆಯುವುದು ಅಡಿವೆಪ್ಪನ ಕೆಲಸ. ಹೆಬ್ಬೆರಳು ಹೊರಗೆ, ಅಂಗೈ ಮೇಲೆ, ಒಂದೇ ಸವರು, ಇಷ್ಟೇ ಅವನ ವಿದ್ಯೆ. ಅವನ ಕೈಯಲ್ಲಿ ನಾನು ಮತ್ತೆ ಮನುಷ್ಯರ ಮುಖ ನೋಡುವಂತಾದೆ.

ಕಣದಲ್ಲಿ ಅಳೆಯುವುದಕ್ಕೆ ಒಂದು ಕಟ್ಟಳೆ ಇತ್ತು. ಚಪ್ಪಲಿ ಬಿಟ್ಟು ಬರಬೇಕು. ಮೊದಲನೆಯ ಸೇರಿಗೆ ಒಂದು ಎನ್ನುವಂತಿಲ್ಲ, 'ಲಾಭ' ಎನ್ನಬೇಕು. ಆಮೇಲೆ ಎರಡು, ಮೂರು. ಅಳೆಯುವಾಗ ಸುತ್ತ ಯಾರೂ ಮಾತಾಡಬಾರದು, ಎಷ್ಟಾಯಿತು, ಎಷ್ಟು ಉಳಿಯಿತು ಎಂದು ಕೇಳಲೇಬಾರದು. ಕೆಲವೊಮ್ಮೆ ಕಣ್ಣಳತೆಗೆ ನಲವತ್ತು ಸೇರು ಎನ್ನಿಸಿದ ರಾಶಿ ಐವತ್ತು ಅಳೆದರೂ ಮುಗಿಯುವುದಿಲ್ಲ. ಅದಕ್ಕೆ ಹುಲುಸು ಎನ್ನುತ್ತಾರೆ. ಹುಲುಸು ಇಳಿದ ರಾಶಿಯ ಬಗ್ಗೆ ಬಾಯಿ ಬಿಟ್ಟರೆ ಅದು ಎದ್ದು ಹೋಗುತ್ತದೆ ಎಂದು ಊರಿನ ನಂಬಿಕೆ. ಅಡಿವೆಪ್ಪನ ಮಗಳು ದುಂಡವ್ವ ಚಿಕ್ಕವಳಿದ್ದಾಗ ಒಮ್ಮೆ ಕಣದಲ್ಲಿ, "ಅಪ್ಪಾ, ರಾಶಿ ಕರಗವಲ್ದಲ್ಲ" ಎಂದುಬಿಟ್ಟಿದ್ದಳು. ಅಡಿವೆಪ್ಪ ಅವಳ ಬಾಯಿಗೆ ಒಂದು ಬಿಟ್ಟ. ಜೀವಮಾನದಲ್ಲಿ ಅವನು ಅವಳಿಗೆ ಹೊಡೆದದ್ದು ಅದೊಂದೇ ಸಲ.

ಅಡಿವೆಪ್ಪ ತೀರಿಕೊಂಡ ಮೇಲೆ ನಾನು ದುಂಡವ್ವನ ಪಾಲಿಗೆ ಬಂದೆ. ಅವಳಿಗೆ ಊರಲ್ಲೇ ಮದುವೆಯಾಗಿತ್ತು, ಬೇಗನೆ ಗಂಡ ತೀರಿಕೊಂಡಿದ್ದ, ಕಸ್ತೂರಿ ಎಂಬ ಒಬ್ಬಳೇ ಮಗಳು. ಕಣಗಳಿಗೆ ಯಂತ್ರ ಬಂದು ರಾಶಿ ಅಳೆಯುವುದು ನಿಂತಿತ್ತು. ಆದರೂ ಮದುವೆ ಮನೆಯ ಅಡಿಗೆಗೆ, ಅಣ್ಣ ತಮ್ಮಂದಿರು ಬೇರೆಯಾಗುವಾಗ ಕಾಳು ಹಂಚುವುದಕ್ಕೆ ಜನ ದುಂಡವ್ವನನ್ನೇ ಕರೆಯುತ್ತಿದ್ದರು. ಅವಳ ಸವರುಗೈ ಅಪ್ಪನದೇ. ತನ್ನ ಕೈಯಿಂದ ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಆಗಿಲ್ಲ ಎಂಬ ಜಂಬ ಅವಳಿಗೂ ಇತ್ತು. ಆ ವಿಷಯದಲ್ಲಿ ನಾವಿಬ್ಬರೂ ಒಂದೇ.

ಒಂದು ಮಾತು ಇಲ್ಲಿ ಹೇಳಿಬಿಡಬೇಕು. ಅವಳ ಮನೆಯಲ್ಲಿ ಶ್ಯಾವಿಗೆ ಇರುತ್ತಿತ್ತು. ಬೇಸಿಗೆಯಲ್ಲಿ ಮಣೆಯ ಮೇಲೆ ಹೊಸೆದು, ಕೋಲಿನ ಮೇಲೆ ಒಣಗಿಸಿ ಗಡಿಗೆಯಲ್ಲಿ ಇಡುತ್ತಿದ್ದಳು. ಅದನ್ನು ಮಾತ್ರ ಅವಳು ಎಂದೂ ನನ್ನಿಂದ ಅಳೆಯಲಿಲ್ಲ. ಕೈ ಹಾಕಿ ತಲೆಗೆ ಒಂದು ಹಿಡಿ, ದೊಡ್ಡ ಹೊಟ್ಟೆಯವನು ಬಂದಿದ್ದರೆ ಒಂದೂವರೆ ಹಿಡಿ, ಅಷ್ಟೇ. ಮನೆಯ ಶ್ಯಾವಿಗೆಗೆ ಅವಳ ಕೈಯೇ ಸೇರು.

ಆ ವರ್ಷ ಶ್ರಾವಣದಲ್ಲಿ ಹೊಳೆ ಊರೊಳಗೆ ಬಂತು. ಕಸ್ತೂರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿ ಮೂರೇ ದಿನವಾಗಿತ್ತು. ಊರ ಸಾಲೆ ದಿಬ್ಬದ ಮೇಲಿತ್ತು. ಆಚೆ ಹೋಗಬಲ್ಲವರು ಮೊದಲೇ ಹೋಗಿದ್ದರು, ಉಳಿದ ನೂರಿಪ್ಪತ್ತು ಜನ ಸಾಲೆ ಸೇರಿದರು. ದುಂಡವ್ವ ಬಾಣಂತಿ ಮಗಳ ಕೈ ಹಿಡಿದುಕೊಂಡು, ಕೂಸನ್ನು, ಒಂದು ಗಂಟು ಬಟ್ಟೆಯನ್ನು, ನನ್ನನ್ನು ಹೊತ್ತು ದಿಬ್ಬ ಹತ್ತಿದಳು. ನನ್ನನ್ನು ಯಾಕೆ ತಂದಳೋ, ಅಪ್ಪನ ವಸ್ತು ಎಂದಿರಬೇಕು. ರಸ್ತೆ ಮುಳುಗುವ ಮುಂಚೆ ಒಂದು ಟೆಂಪೋ ಬಂದು ಪುಣ್ಯವಂತರು ಯಾರೋ ಕಳಿಸಿದ ಆರು ಚೀಲ ಇಳಿಸಿ ಹೋಯಿತು. ಅಕ್ಕಿಯಲ್ಲ, ಕಾರಖಾನೆಯ ಶ್ಯಾವಿಗೆ. ಚಿಕ್ಕ ಚಿಕ್ಕ ತುಂಡಾಗಿ ಕತ್ತರಿಸಿದ್ದು, ಚೀಲಕ್ಕೆ ಇಪ್ಪತ್ತೈದು ಕಿಲೋ ಎಂದು ಬರೆದಿತ್ತು.

ಸಾಲೆಯ ಬಡಿಗೇರ ಮಾಸ್ತರರ ಫೋನು ಸಾಯುವ ಮುಂಚೆ ಆಚೆ ದಂಡೆಯಿಂದ ಒಂದು ಮಾತು ಬಂತು. ಬೋಟು ಬರುವುದಕ್ಕೆ ಹತ್ತು ದಿನ ಹಿಡಿಯಬಹುದು, ಅಲ್ಲಿಯವರೆಗೆ ಇದ್ದದ್ದರಲ್ಲಿ ತಡೆದುಕೊಳ್ಳಿ. ಮಾಸ್ತರರು ಕರಿಹಲಗೆಯ ಮೇಲೆ ಲೆಕ್ಕ ಮಾಡಿದರು. ಆರು ಚೀಲ, ನೂರೈವತ್ತು ಕಿಲೋ, ಹತ್ತು ದಿನಕ್ಕೆ ಭಾಗಿಸಿದರೆ ದಿನಕ್ಕೆ ಹದಿನೈದು ಕಿಲೋ.

"ಹದಿನೈದು ಕಿಲೋ ತೂಗೂದು ಹ್ಯಾಂಗ? ತಕ್ಕಡಿ ಇಲ್ಲಲ್ಲ" ಎಂದರು.

"ತಕ್ಕಡಿ ಯಾಕ್ ಬೇಕ್ರಿ ಮಾಸ್ತರ?" ದುಂಡವ್ವ ನನ್ನನ್ನು ಸೆರಗಿನಿಂದ ಒರೆಸಿ ಮುಂದಿಟ್ಟಳು. "ಒಂದ್ ಸೇರಂದ್ರ ಒಂದ್ ಕಿಲೋ. ನಮ್ಮಪ್ಪನ ಕಾಲದಿಂದ ಹಂಗ ಐತಿ. ದಿನಾ ಹದಿನೈದು ಸೇರು ಅಳದ್ ಕೊಡ್ತೀನಿ."

ಮಾಸ್ತರರು ಓದಿದವರು. ಅವರಿಗಾದರೂ ತಿಳಿಯಬೇಕಿತ್ತು. ಆದರೆ ಅವರೂ ಜೋಳದ ಊರಿನಲ್ಲಿ ಬೆಳೆದವರು, ತಲೆ ಆಡಿಸಿದರು.

ಚೀಲಗಳನ್ನು ಇಟ್ಟ ಕೋಣೆಯ ಕೀಲಿ ದುಂಡವ್ವನ ಸೊಂಟಕ್ಕೆ ಬಂತು. ಬೆಳಿಗ್ಗೆ ಅವಳು ಬರಿಗಾಲಲ್ಲಿ ಒಳಗೆ ಬಂದು, ಬಾಗಿಲು ಮುಂದೆ ಮಾಡಿ, ನನ್ನನ್ನು ಚೀಲದೊಳಗೆ ಇಳಿಸಿದಳು. 'ಲಾಭ' ಎಂದಳು. ಎರಡು. ಮೂರು. ಆ ಶ್ಯಾವಿಗೆ ನನ್ನೊಳಗೆ ಅಡ್ಡಡ್ಡ ಬಿದ್ದುಕೊಂಡಿತು, ಒಂದೊಂದು ತುಂಡಿನ ನಡುವೆಯೂ ಬರೀ ಗಾಳಿ. ಜೋಳ ತುಂಬಿದಾಗ ನನ್ನ ತಳ ಒತ್ತುತ್ತದೆ, ಅವತ್ತು ಒತ್ತಲಿಲ್ಲ. ವಯಸ್ಸಾದ ಕಾಲಕ್ಕೆ ಕೆಲಸ ಹಗುರಾಯಿತಲ್ಲ ಎಂದು ನಾನು ಹಿಗ್ಗಿದೆ. ತುಂಬಿದ್ದೇನೆಯೋ ಇಲ್ಲವೋ ಎಂಬುದೊಂದೇ ನನಗೆ ಗೊತ್ತು, ಬಾಯಿಯ ತನಕ ತುಂಬಿದ್ದೆ. ದುಂಡವ್ವ ಅಂಗೈಯಿಂದ ನೀಟಾಗಿ ಸವರಿದಳು. ನಮ್ಮಿಬ್ಬರಲ್ಲಿ ಯಾರೂ ಮೋಸ ಮಾಡಲಿಲ್ಲ.

ಮೊದಲ ಎರಡು ದಿನ ಜನ ಮನೆಯಿಂದ ತಂದ ರೊಟ್ಟಿ ಇತ್ತು, ಕಡಿಮೆ ಬಿದ್ದದ್ದು ಗೊತ್ತಾಗಲಿಲ್ಲ. ಮೂರನೆಯ ದಿನದಿಂದ ಉಪ್ಪು ಹಾಕಿ ಬೇಯಿಸಿದ ಶ್ಯಾವಿಗೆಯೊಂದೇ ಉಳಿಯಿತು. ಒಡೆದ ಬೆಂಚುಗಳನ್ನು ಉರಿಸಿ ಬೇಯಿಸುತ್ತಿದ್ದರು. ಗಂಡಸರು ತಟ್ಟೆ ನೋಡಿ, "ಏನ್ ದುಂಡಕ್ಕ, ಗುಬ್ಬಿಗೆ ಹಾಕಿದಂಗ ಹಾಕ್ತೀಯಲ್ಲ" ಎಂದು ಚೇಷ್ಟೆ ಮಾಡಿದರು. ಐದನೆಯ ದಿನಕ್ಕೆ ಚೇಷ್ಟೆ ನಿಂತಿತು. ಹುಡುಗರು ಆಟ ಬಿಟ್ಟು ಗೋಡೆಗೆ ಒರಗಿ ಕುಳಿತರು. ಮುದುಕರು ಮಲಗಿದಲ್ಲಿಂದ ಏಳಲಿಲ್ಲ. ದುಂಡವ್ವ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು, "ಬೋಟ್ ಬರೂತನಕ ಉಳೀಬೇಕಲ್ರಿ."

ಕಸ್ತೂರಿಯೂ ಸಾಲಿನಲ್ಲಿ ನಿಂತಳು. ಬಾಣಂತಿ ಎಂದು ಜನ ಅವಳನ್ನು ಮುಂದೆ ಬಿಟ್ಟರು. ತಾಯಿ ಹಾಕಿದ್ದನ್ನು ನೋಡಿ ಅವಳು ಅಲ್ಲೇ ನಿಂತಳು.

"ಅವ್ವಾ, ಇನ್ನೊಂದೀಟು ಹಾಕ. ಕೂಸಿಗೆ ಹಾಲು ಸಾಲವಲ್ದು."

ದುಂಡವ್ವನ ಕೈ ಸೌಟಿನ ಮೇಲೆ ಇತ್ತು. ಹಿಂದೆ ನೂರು ಜನ ನೋಡುತ್ತಿದ್ದರು. "ಎಲ್ಲಾರಿಗೂ ಅಷ್ಟ ಐತಿ, ಕಸ್ತೂರಿ" ಎಂದಳು. ಮಗಳು ತಟ್ಟೆ ಹಿಡಿದುಕೊಂಡು ಹೋದಳು. ಆಮೇಲೆ ದುಂಡವ್ವ ತನ್ನ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಮಗಳ ತಟ್ಟೆಗೆ ಸುರಿದಳು, ತಾನು ಹಂಡೆ ತೊಳೆದ ಬಿಸಿನೀರು ಕುಡಿದಳು. ಅಂದಿನಿಂದ ದಿನವೂ ಹಾಗೆಯೇ ಮಾಡಿದಳು. ಈಗ ಲೆಕ್ಕ ಹಾಕಿ ನೋಡಿದ್ದೇನೆ. ತಾಯಿ ಮಗಳ ಪಾಲು ಎರಡೂ ಸೇರಿದರೂ ನ್ಯಾಯವಾಗಿ ಒಬ್ಬರಿಗೆ ಬರಬೇಕಾದ ಪಾಲು ತುಂಬುತ್ತಿರಲಿಲ್ಲ.

ಇನ್ನು ಆ ಕೋಣೆಯೊಳಗಿನ ಮಾತು. ದಿನಕ್ಕೆ ಹದಿನೈದು ಕಿಲೋ ಹೋಗುವುದಾದರೆ ಒಂದು ಚೀಲ ಎರಡು ದಿನಕ್ಕೂ ಸಾಲಬಾರದು. ಮೂರನೆಯ ಬೆಳಿಗ್ಗೆಯೂ ಮೊದಲನೆಯ ಚೀಲದಲ್ಲಿ ಶ್ಯಾವಿಗೆ ಇತ್ತು. ನಾಲ್ಕನೆಯ ಬೆಳಿಗ್ಗೆಯೂ ಇತ್ತು. ದುಂಡವ್ವ ಚೀಲದೊಳಗೆ ಬಗ್ಗಿ ನೋಡಿದಳು. ಹಿಂದಕ್ಕೆ ಸರಿದು ಚೀಲಕ್ಕೆ ಕೈ ಮುಗಿದಳು. ಹುಲುಸು ಇಳಿದಿತ್ತು. ಅಪ್ಪನ ಕಣಗಳಲ್ಲಿ ಇಳಿಯುತ್ತಿದ್ದದ್ದು ಈ ಕಷ್ಟಕಾಲದಲ್ಲಿ, ಈ ಕಾರಖಾನೆಯ ಚೀಲದಲ್ಲಿ, ತನ್ನ ಕೈಗೆ ಇಳಿದಿತ್ತು. ಅವಳು ತನ್ನ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಒಮ್ಮೆ ಪೆಟ್ಟು ತಿಂದ ಬಾಯಿ ಅದು.

ಅವಳು ಯಾರಿಗೂ ಹೇಳಲಿಲ್ಲ. ಮಾಸ್ತರರು, "ಎಷ್ಟ್ ಉಳೀತು, ದುಂಡವ್ವ?" ಎಂದು ಕೇಳಿದಾಗ ಕೇಳಿಸದವಳಂತೆ ಹೊರಗೆ ನಡೆದಳು. ಚೀಲ ಎತ್ತಿಕೊಡಲು ಬಂದವರನ್ನೂ ಒಳಗೆ ಬಿಡಲಿಲ್ಲ. ಹೆಚ್ಚಿಗೆ ಅಳೆಯಬಹುದು ಎಂಬ ಯೋಚನೆ ಅವಳಿಗೆ ಬರಲಿಲ್ಲವೆಂದಲ್ಲ. ಐದನೆಯ ಬೆಳಿಗ್ಗೆ ಹದಿನೈದು ಆದ ಮೇಲೆ ನನ್ನನ್ನು ಮತ್ತೊಮ್ಮೆ ತುಂಬಿ, ಬಹಳ ಹೊತ್ತು ಹಿಡಿದು ನಿಂತಿದ್ದಳು. ಆಮೇಲೆ ಚೀಲಕ್ಕೇ ಮರಳಿ ಸುರಿದಳು. ದೇವರು ಉಳಿಸಿಕೊಡುತ್ತಿರುವುದನ್ನು ದುರಾಸೆಯಿಂದ ಅಳೆದರೆ ಎದ್ದು ಹೋದೀತು, ಬೋಟು ತಡವಾದರೆ ನೂರಿಪ್ಪತ್ತು ಜನರ ಗತಿ ಏನು ಎಂದು ಹೆದರಿದಳು. ಆ ಒಂದು ಸೇರು ಕಸ್ತೂರಿಗೆ ಎಂದೇ ತುಂಬಿದ್ದಳೆಂದು ನನಗೆ ಗೊತ್ತು.

ಸಾಲೆಯ ಪಕ್ಕದ ಕೋಣೆ ಅಂಗನವಾಡಿಯದು. ಅಲ್ಲಿ ತೊಲೆಗೆ ಒಂದು ತೂಕದ ಗಡಿಯಾರ ತೂಗುಹಾಕಿತ್ತು. ಅದರ ಕೊಕ್ಕೆಗೆ ಬಟ್ಟೆಯ ಜೋಳಿಗೆ, ಜೋಳಿಗೆಯಲ್ಲಿ ಕೂಸು ಮಲಗಿಸಿದರೆ ಮುಳ್ಳು ತಿರುಗಿ ತೂಕ ತೋರಿಸುತ್ತದೆ. ಆರನೆಯ ದಿನ ಕಸ್ತೂರಿ ಹಟ ಹಿಡಿದು ಮಾಸ್ತರರಿಂದ ಕೂಸನ್ನು ತೂಗಿಸಿದಳು. ಹುಟ್ಟಿದಾಗ ಎರಡೂವರೆ ಕಿಲೋ ಇತ್ತು, ಈಗ ಮುಳ್ಳು ಎರಡರ ಹತ್ತಿರ ನಿಂತಿತ್ತು. ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ನಾನು ಬಾಗಿಲ ಬಳಿ ಕಟ್ಟೆಯ ಮೇಲಿದ್ದೆ, ನನ್ನಿಂದ ಆ ಕೊಕ್ಕೆಗೆ ಹತ್ತು ಹೆಜ್ಜೆ. ತಕ್ಕಡಿ ಇಲ್ಲ ಎಂದವರೇ ಆ ತಕ್ಕಡಿಯ ಕೆಳಗೆ ನಿಂತಿದ್ದರು. ಅದು ಕೂಸುಗಳದು, ಕಾಳಿನದಲ್ಲ. ಹಾಗಾಗಿ ಯಾರ ಕಣ್ಣಿಗೂ ಅದು ತಕ್ಕಡಿಯಾಗಿ ಕಾಣಲಿಲ್ಲ.

ಏಳನೆಯ ದಿನ ಕೂಸಿಗೆ ಜ್ವರ ಬಂತು. ಎಂಟನೆಯ ದಿನ ಮಧ್ಯಾಹ್ನ ಕೂಸು ಹೋಯಿತು. ಹಾಲು ಸಾಲದೆಯೋ, ಹೊಳೆಯ ನೀರಿನಿಂದಲೋ, ಥಂಡಿಯಿಂದಲೋ, ಹೇಳುವ ಡಾಕ್ಟರು ಅಲ್ಲಿರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಇನ್ನೂ ಬಂದಿರಲಿಲ್ಲ, ಅದಕ್ಕೆ ಹೆಸರೂ ಇರಲಿಲ್ಲ. ಸುತ್ತ ನೀರು, ಒಣ ನೆಲವೆಂದರೆ ಸಾಲೆಯ ಹಿಂದಿನ ಬೇವಿನ ಬುಡ ಒಂದೇ. ಅಲ್ಲಿ ಹೂತರು. ಮರುದಿನ ಬೆಳಿಗ್ಗೆ ದುಂಡವ್ವ ಕೋಣೆಗೆ ಬಂದು ನನ್ನನ್ನು ತುಂಬಿದಳು. ರೂಢಿಯಂತೆ ಬಾಯಿಗೆ 'ಲಾಭ' ಎಂದು ಬಂತು. ಆಮೇಲೆ ಎರಡು ಎನ್ನಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಹತ್ತನೆಯ ದಿನ ಹದಿನೈದು ಸೇರು ಅಳೆದು ಮುಗಿದ ಮೇಲೆ ಬೋಟು ಬಂತು. ಬೋಟಿನವರು ಅಕ್ಕಿ, ಬ್ರೆಡ್ಡು, ಔಷಧ ಇಳಿಸಿದರು. ಅವರಲ್ಲೊಬ್ಬ ಹೊಸ ಚೀಲ ಇಡಲು ಕೋಣೆಗೆ ಹೋಗಿ ಅಲ್ಲಿಂದಲೇ ಕೂಗಿದ, "ಇಲ್ಲಿ ಮೂರು ಚೀಲ ಮುಟ್ಟೇ ಇಲ್ಲಲ್ರಿ. ಇನ್ನೊಂದು ಅರ್ಧ ಐತಿ." ಜನ ಒಬ್ಬೊಬ್ಬರಾಗಿ ಎದ್ದು ಬಂದು ಬಾಗಿಲಲ್ಲಿ ನಿಂತರು. ಯಾರೂ ಬೈಯಲಿಲ್ಲ. ಬೈಯುವ ತ್ರಾಣ ಯಾರಿಗೂ ಇರಲಿಲ್ಲ.

ದುಂಡವ್ವ ಮುಂದೆ ಬಂದಳು. ಇನ್ನು ಹೇಳಬಹುದು ಎಂದು ಅವಳಿಗೆ ಅನ್ನಿಸಿತು, ಗಂಡಾಂತರ ಕಳೆದಿತ್ತು. "ನಾ ಕದ್ದಿಲ್ರಿ. ದಿನಾ ಹದಿನೈದು ಸೇರು ಅಳದೀನಿ, ಒಂದ್ ಕಾಳ್ ಕಡಿಮಿ ಮಾಡಿಲ್ಲ. ಹುಲುಸು ಇಳದಿತ್ತು. ಬಾಯಿ ಬಿಟ್ರ ಎದ್ದ್ ಹೋಕ್ಕೈತಿ ಅಂತ ಸುಮ್ಮನಿದ್ದೆ."

ಮಾಸ್ತರರು ಕರಿಹಲಗೆಯ ಕಡೆ ನೋಡಿದರು. ಅವರ ಲೆಕ್ಕ ಇನ್ನೂ ಅಲ್ಲೇ ಇತ್ತು. ಅಷ್ಟರಲ್ಲಿ ಗೋಡೆಗೆ ಒರಗಿದ್ದ ಕಸ್ತೂರಿ ಎದ್ದಳು. ತಾಯಿಯ ಕೈಯಿಂದ ನನ್ನನ್ನು ಇಸಿದುಕೊಂಡು, ಚೀಲದಲ್ಲಿ ಅದ್ದಿ, ಅಂಗೈಯಿಂದ ಸವರಿದಳು. ಅವಳಿಗೂ ಅದೇ ಸವರುಗೈ. ಪಕ್ಕದ ಕೋಣೆಗೆ ನಡೆದು, ತನ್ನ ಕೂಸು ಮಲಗಿದ್ದ ಜೋಳಿಗೆಯೊಳಗೆ ನನ್ನೊಳಗಿದ್ದ ಶ್ಯಾವಿಗೆಯನ್ನು ಸುರಿದಳು. ಮುಳ್ಳು ಅಲುಗಿತು. ಅರ್ಧ ಕಿಲೋದ ಗೆರೆಯನ್ನೂ ಅದು ಮುಟ್ಟಲಿಲ್ಲ. ನಾನೂರು ಗ್ರಾಮಿನ ಹತ್ತಿರ ನಿಂತಿತು.

"ಅವ್ವಾ, ಚೀಲದಾಗ ಉಳದದ್ದು ಹುಲುಸಲ್ಲ" ಎಂದಳು ಕಸ್ತೂರಿ. ದನಿ ಏರಿಸಲಿಲ್ಲ. "ಅದು ನಮ್ಮ ಪಾಲು."

ದುಂಡವ್ವ ಕದ್ದಿಲ್ಲ ಎಂದು ಅವತ್ತೇ ಎಲ್ಲರಿಗೂ ಖಾತ್ರಿಯಾಯಿತು. ಮಾಸ್ತರರು ತಪ್ಪು ತಮ್ಮದೂ ಹೌದೆಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡರು. ಊರು ಅವಳನ್ನು ದೂರಲಿಲ್ಲ. ಕಳ್ಳಿ ಎಂದಿದ್ದರೆ ಅವಳು ಜಗಳವಾಡಿ, ಆಣೆ ಮಾಡಿ, ಹೇಗೋ ಬದುಕಿಕೊಳ್ಳುತ್ತಿದ್ದಳು. ಕಸ್ತೂರಿ ಅದೇ ಬೋಟಿನಲ್ಲಿ ಗಂಡನ ಮನೆಗೆ ಹೋದಳು. ದಡದಲ್ಲಿ ನಿಂತ ತಾಯಿಯನ್ನು ಅವಳು ತಿರುಗಿ ನೋಡಲಿಲ್ಲ.

ನೀರು ಇಳಿದ ಮೇಲೆ ದುಂಡವ್ವನಿಗೆ ತಗಡಿನ ಶೆಡ್ಡು ಸಿಕ್ಕಿತು. ನಾನು ಅಲ್ಲಿ ಮಂಚದ ಕೆಳಗೆ ಬೋರಲಾಗಿ ನಾಲ್ಕು ವರ್ಷ ಬಿದ್ದಿದ್ದೆ. ಅವಳು ಜೋಳವನ್ನೂ ಕೈಯಿಂದಲೇ ಹಿಡಿ ಹಿಡಿಯಾಗಿ ತೆಗೆದುಕೊಳ್ಳುತ್ತಿದ್ದಳು. ಅಳತೆಗೆ ಕರೆಯಲು ಬಂದವರಿಗೆ ಕೈ ನೋಯುತ್ತದೆ ಎಂದು ಹೇಳಿ ಕಳಿಸುತ್ತಿದ್ದಳು. ಕಸ್ತೂರಿಗೆ ಮತ್ತೆ ಒಂದು ಗಂಡು ಕೂಸಾಯಿತು ಎಂದು ಯಾರೋ ಬಂದು ಹೇಳಿದರು. ಹೆರಿಗೆಗೆ ಅವಳು ತವರಿಗೆ ಬಂದಿರಲಿಲ್ಲ.

ಒಂದು ಬೆಳಿಗ್ಗೆ ಗುಜರಿಯ ಗಾಡಿ ಬಂತು. ಹಳೆ ಪಾತ್ರೆ ಕೊಟ್ಟರೆ ಪ್ಲಾಸ್ಟಿಕ್ ಬಕೆಟು ಕೊಡುವ ಗಾಡಿ. ದುಂಡವ್ವ ನನ್ನನ್ನು ತಂದು ಅವನ ಕೈಗಿಟ್ಟಳು. ಅವನು ನನ್ನನ್ನು ತಂತಿಯಲ್ಲಿ ಕಟ್ಟಿ ಕೊಕ್ಕೆಯ ತಕ್ಕಡಿಗೆ ತೂಗುಹಾಕಿದ. ಹುಟ್ಟಿದಾಗಿನಿಂದ ಎಲ್ಲವನ್ನೂ ಅಳೆದ ನನ್ನನ್ನು ಯಾರೋ ತೂಗಿದ್ದು ಅದೇ ಮೊದಲು.

"ಎಂಟುನೂರೈವತ್ತು ಗ್ರಾಂ ಆತು, ಅಜ್ಜಿ."

ದುಂಡವ್ವ ನನ್ನೊಳಗೆ ಇಣುಕಿದಳು. "ಖಾಲಿ ಐತಲ್ಲೋ ತಮ್ಮಾ."

"ಖಾಲೀದ ತೂಕಾನ ಇದು."

"ಇನ್ನೊಮ್ಮಿ ನೋಡು."

ಅವನು ಇನ್ನೊಮ್ಮೆ ತೂಗಿದ. ಅಷ್ಟೇ ಬಂತು. ಅವಳು ಮುಳ್ಳನ್ನು ನೋಡುತ್ತ ನಿಂತಳು. ಏನೂ ತುಂಬದ ಸೇರು, ತಾನು ತುಂಬಿ ಹಂಚಿದ್ದರ ಎರಡರಷ್ಟು ತೂಗುತ್ತಿತ್ತು. ಅವನು ಬಕೆಟು ಆರಿಸಿಕೋ ಎಂದ. ಅವಳು ಬೇಡ ಎಂದು ಕೈಯಾಡಿಸಿ, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಆಮೇಲೆ ನಾನು ಅವಳನ್ನು ನೋಡಿಲ್ಲ.

ಈಗ ಗುಜರಿ ಅಂಗಡಿಯ ಮೂಲೆಯಲ್ಲಿ ಇದ್ದೇನೆ. ನನ್ನನ್ನು ಕರಗಿಸುವ ದಿನ ಇನ್ನೂ ಬಂದಿಲ್ಲ. ಅಂಗಡಿಯವನು ನನ್ನ ಬಾಯಿಯ ತನಕ ಹಳೆಯ ಮೊಳೆ ತುಂಬಿಟ್ಟಿದ್ದಾನೆ. ತಳ ಒತ್ತುತ್ತದೆ, ಹಗಲೂ ರಾತ್ರಿ ಒತ್ತುತ್ತದೆ. ಅವತ್ತು ಒತ್ತದೆ ಇದ್ದಾಗ ನಾನು ಹಿಗ್ಗಿದ್ದೆ.